ಇಮೇಲಿನ ಬೀಗದಕೈ ಯಾರಲ್ಲಿದೆ?

ಕಳೆದ ವರ್ಷ ಮಳೆಗಾಲದ ಒಂದು ಸಂಜೆ, ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗನೊಬ್ಬ ತನ್ನ ತಾಯಿಯೊಡನೆ ನಮ್ಮ ಮನೆಗೆ ಬಂದ. ಪ್ಲಸ್ ಟು ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು, ಗಡಿಯಾಚೆಯ ಒಂದು ಕಾಲೇಜಿಗೆ ಅವನು ಅರ್ಜಿ ಹಾಕಿದ್ದ. ಸೀಟು ದೊರೆತಿತ್ತು. ಮೂಲ ದಾಖಲೆಗಳೊಂದಿಗೆ ಇಂಥ ದಿನ ಹಾಜರಾಗಬೇಕೆಂಬ ಪತ್ರವನ್ನೂ ಕಾಲೇಜಿನವರು ಕಳುಹಿಸಿದ್ದರು. ಆದರೆ ಆ ಪತ್ರ ಹೋದುದು ಇಮೇಲಿಗೆ. ತಾರೀಕು ಕಳೆದ ಮೇಲೆ ಕಾಲೇಜಿಗೆ ಫೋನು ಮಾಡಿದಾಗಲೇ ಇವರಿಗೆ ವಿಷಯ ತಿಳಿದದ್ದು.

ಆ ಇಮೇಲ್ ವಿಳಾಸವನ್ನು ಹುಡುಗ ಎಂಟನೆಯ ತರಗತಿಯಲ್ಲಿದ್ದಾಗ ವಿದ್ಯಾರ್ಥಿವೇತನದ ಅರ್ಜಿಗಾಗಿ ಪೇಟೆಯ ಅಂಗಡಿಯೊಂದರಲ್ಲಿ ಮಾಡಿಸಿದ್ದರು. ಪಾಸ್‌ವರ್ಡ್ ಗೊತ್ತಿದ್ದುದು ಅಂಗಡಿಯವರಿಗೆ ಮಾತ್ರ. ಖಾತೆಗೆ ಜೋಡಿಸಿದ ಫೋನ್ ನಂಬರೂ ಅವರದೇ. ಏನಾದರೂ ಬಂದರೆ ಅವರೇ ತೆರೆದು ನೋಡಿ, ಮುದ್ರಿಸಿ ಕೊಡುತ್ತಿದ್ದರು. ಅವರಲ್ಲಿ ಮೋಸವಿರಲಿಲ್ಲ, ನಿಜವಾಗಿ ಅವರು ಉಪಕಾರವನ್ನೇ ಮಾಡಿದ್ದರು. ಆದರೆ ಅಂಗಡಿ ಮುಚ್ಚಿ, ಅವರು ಗಲ್ಫಿಗೆ ಹೋಗಿ ಒಂದು ವರ್ಷವಾಗಿತ್ತು. ಹಳೆಯ ನಂಬರು ಚಾಲ್ತಿಯಲ್ಲಿರಲಿಲ್ಲ.

“ಮಾಷ್ಟ್ರೇ, ಕಾಗದ ಬಂದದ್ದು ನಮ್ಮ ಹುಡುಗನ ಹೆಸರಿಗೇ. ಆದರೆ ಅದನ್ನು ತೆರೆದು ಓದಲಿಕ್ಕೆ ನಮ್ಮಿಂದ ಆಗುವುದಿಲ್ಲವಂತೆ. ಇದು ಯಾವ ನ್ಯಾಯ?” ಎಂದು ಕೇಳಿದರು ಆ ತಾಯಿ.

ಮೂರು ಸಂಜೆ ಕುಳಿತು ಪ್ರಯತ್ನಿಸಿದೆವು. ಖಾತೆ ತೆರೆಯಲಿಲ್ಲ. ಸೀಟು ಬೇರೊಬ್ಬರಿಗೆ ಹೋಯಿತು. ಹುಡುಗನ ಒಂದು ವರ್ಷವೂ ಹೋಯಿತು. ಅಂದಿನಿಂದ ಈ ವಿಷಯವನ್ನು ಮಕ್ಕಳಿಗೂ ಹೆತ್ತವರಿಗೂ ಪಾಠದ ರೂಪದಲ್ಲಿ ಹೇಳಬೇಕೆಂಬ ಆಸೆ ನಮ್ಮಲ್ಲಿ ಉಳಿದಿತ್ತು. “ಫೋನಿಗೆ ಯಾವ ಇಮೇಲ್ ಆಪ್ ಒಳ್ಳೆಯದು?” ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ. ಅದಕ್ಕೆ ಉತ್ತರವನ್ನೂ ಕೊಡೋಣ. ಆದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಮೊದಲಿನಿಂದ ಕೊನೆಯವರೆಗೂ ನೆನಪಿನಲ್ಲಿಡೋಣ: ಬೀಗದಕೈ ಯಾರ ಕೈಯಲ್ಲಿದೆ?

ಖಾತೆ ಬೇರೆ, ಆಪ್ ಬೇರೆ

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಇಮೇಲ್ ಖಾತೆಯೆಂದರೆ ಅಂಚೆಕಚೇರಿಯಲ್ಲಿ ನಿಮ್ಮ ಹೆಸರಿನಲ್ಲಿರುವ ಒಂದು ಪೆಟ್ಟಿಗೆಯೆಂದು ತಿಳಿಯಿರಿ. ನಿಮಗೆ ಬಂದ ಕಾಗದಗಳೆಲ್ಲ ದೂರದ ದೊಡ್ಡ ಕಂಪ್ಯೂಟರಿನಲ್ಲಿರುವ ಆ ಪೆಟ್ಟಿಗೆಯಲ್ಲಿ ಬಿದ್ದಿರುತ್ತವೆ. ಈ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಆಪ್ ಎಂಬುದಾದರೋ ಪೆಟ್ಟಿಗೆಯಿಂದ ಕಾಗದಗಳನ್ನು ತಂದು ನಿಮ್ಮ ಕೈಗೆ ಕೊಡುವ, ನೀವು ಬರೆದುದನ್ನು ಒಯ್ದು ಹಾಕುವ ಪೋಸ್ಟ್‌ಮ್ಯಾನ್ ಇದ್ದಂತೆ. ಫೋನಿನಿಂದ ಆಪನ್ನು ತೆಗೆದುಹಾಕಿದರೆ ಪೋಸ್ಟ್‌ಮ್ಯಾನ್ ಹೋದಂತಾಯಿತೇ ಹೊರತು ಸರ್ವರಿನಲ್ಲಿರುವ ಪೆಟ್ಟಿಗೆ ಹೋಗುವುದಿಲ್ಲ. ಫೋನು ಬಾವಿಗೆ ಬಿದ್ದರೂ ಆ ಕಾಗದಗಳು ಉಳಿದಿರುತ್ತವೆ. ಪೆಟ್ಟಿಗೆಯ ಬೀಗದಕೈ, ಅಂದರೆ ಪಾಸ್‌ವರ್ಡ್, ಕಳೆದುಹೋದರೆ ಮಾತ್ರ ಕಷ್ಟ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅಂಚೆಕಚೇರಿ ಎಷ್ಟೇ ಭದ್ರವಾಗಿದ್ದರೂ ಪೋಸ್ಟ್‌ಮ್ಯಾನ್ ನಂಬಿಕಸ್ಥನಲ್ಲದಿದ್ದರೆ ಪ್ರಯೋಜನವಿಲ್ಲ. ಪೋಸ್ಟ್‌ಮ್ಯಾನ್ ಸತ್ಯವಂತನಾಗಿದ್ದರೂ ಕಚೇರಿಯ ಗೋಡೆ ಜೊಳ್ಳಾಗಿದ್ದರೆ ಆಗಲೂ ಪ್ರಯೋಜನವಿಲ್ಲ. ಯಾಹೂ ಕಂಪೆನಿಯಿಂದ 2013ರಲ್ಲಿ ಕಳ್ಳರು ಬಳಕೆದಾರರ ಮಾಹಿತಿಯನ್ನು ಕದ್ದರು. ಆಗ ಇದ್ದ ಖಾತೆಗಳೆಲ್ಲವೂ, ಎಂದರೆ 300 ಕೋಟಿ ಖಾತೆಗಳು, ಅದರಲ್ಲಿ ಸೇರಿದ್ದುವೆಂದು ಆ ಕಂಪೆನಿ 2017ರಲ್ಲಿ ಒಪ್ಪಿಕೊಂಡಿತು. ಬಳಕೆದಾರರ ಫೋನಿನಲ್ಲಿ ಯಾವ ಆಪ್ ಇದ್ದರೂ ಈ ಕಳವನ್ನು ತಡೆಯಲು ಅದರಿಂದ ಆಗುತ್ತಿರಲಿಲ್ಲ. ಆದುದರಿಂದ ಆರಿಸುವಾಗ ಖಾತೆ ಮತ್ತು ಆಪ್ ಎರಡನ್ನೂ ನೋಡಬೇಕು.

ಕಾರ್ಡು, ಅಂಚೆಚೀಲ, ಬೀಗದ ಪೆಟ್ಟಿಗೆ

ಬೇರೆ ಬೇರೆ ಕಂಪ್ಯೂಟರುಗಳ ನಡುವೆ ಜಾಲದ ಮೂಲಕ ಮೊದಲ ಇಮೇಲನ್ನು ಕಳುಹಿಸಿದವರು ಅಮೆರಿಕದ ಇಂಜಿನಿಯರ್ ರೇ ಟಾಮ್‌ಲಿನ್ಸನ್. ಅದು 1971ರಲ್ಲಿ. ವಿಳಾಸದ ನಡುವೆ ನಾವು ಇಂದಿಗೂ ಬರೆಯುವ ‘ಆ್ಯಟ್’ ಚಿಹ್ನೆಯನ್ನು ಆರಿಸಿದವರೂ ಅವರೇ. ಕಾಗದವು ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವ ಕ್ರಮವನ್ನು ಜಾನ್ ಪೋಸ್ಟೆಲ್ ಎಂಬವರು 1982ರಲ್ಲಿ ನಿಯಮಗಳಾಗಿ ಬರೆದಿಟ್ಟರು. ಅಂದು ಜಾಲದಲ್ಲಿದ್ದವರು ವಿಶ್ವವಿದ್ಯಾಲಯ ಮತ್ತು ಸಂಶೋಧನಾಲಯಗಳ ಕೆಲವೇ ಮಂದಿ; ಒಬ್ಬರನ್ನೊಬ್ಬರು ಬಲ್ಲವರು. ಹಾಗಾಗಿ ಗುಟ್ಟಿನ ಚಿಂತೆ ಅವರಿಗೆ ಹೆಚ್ಚಾಗಿ ಇರಲಿಲ್ಲ. ಇಮೇಲ್ ಹುಟ್ಟಿದ್ದು ಅಂಚೆಕಾರ್ಡಿನಂತೆ. ದಾರಿಯಲ್ಲಿ ಯಾರ ಕೈಗೆ ಸಿಕ್ಕಿದರೂ ಅವರು ಓದಬಹುದಾಗಿತ್ತು.

ಆಮೇಲೆ ಭದ್ರತೆಯ ಎರಡು ಮೆಟ್ಟಿಲುಗಳು ಬಂದುವು. ಇವುಗಳ ವ್ಯತ್ಯಾಸವನ್ನು ಚೆನ್ನಾಗಿ ಅರಿತುಕೊಳ್ಳಬೇಕು.

ಮೊದಲನೆಯದು ದಾರಿಯ ಭದ್ರತೆ. ಒಂದು ಅಂಚೆಕಚೇರಿಯಿಂದ ಇನ್ನೊಂದಕ್ಕೆ ಹೋಗುವ ಅಂಚೆಚೀಲದ ಬಾಯಿಕಟ್ಟಿ ಅರಗಿನ ಮುದ್ರೆ ಒತ್ತುತ್ತಿದ್ದುದನ್ನು ಹಿರಿಯರು ನೋಡಿರಬಹುದು. ದಾರಿಯಲ್ಲಿ ಚೀಲವನ್ನು ಬಿಚ್ಚುವಂತಿಲ್ಲ. ಕಚೇರಿಯ ಒಳಗೆ ಮಾತ್ರ ಬಿಚ್ಚುತ್ತಾರೆ. ಇಮೇಲು ಸಾಗುವ ದಾರಿಗೆ ಇಂಥ ಮುದ್ರೆ ಒತ್ತುವ ನಿಯಮ 1999ರಲ್ಲಿ ಬಂತು. ಟಿಎಲ್‌ಎಸ್ ಎಂಬುದು ಅದರ ಹೆಸರು. ಅಕ್ಷರಗಳನ್ನು ಲೆಕ್ಕದ ಸೂತ್ರವೊಂದರಿಂದ ಕಲಸಿ, ಬೀಗದಕೈ ಇಲ್ಲದವರಿಗೆ ಅರ್ಥವಾಗದಂತೆ ಮಾಡುವುದೇ ಈ ಮುದ್ರೆ. ಇಂದು ಹೆಸರಾಂತ ಇಮೇಲ್ ಸೇವೆಗಳೆಲ್ಲ ಇದನ್ನು ಬಳಸುತ್ತವೆ. ಆದರೆ ಸರ್ವರಿಗೆ ತಲುಪಿದ ಮೇಲೆ ಚೀಲ ಬಿಚ್ಚಿದಂತೆಯೇ. ಆ ಕಂಪೆನಿ ಮನಸ್ಸು ಮಾಡಿದರೆ ಕಾಗದವನ್ನು ಓದಬಲ್ಲದು.

ಎರಡನೆಯದು ತುದಿಯಿಂದ ತುದಿಗೆ ಬೀಗ. ಬರೆದವನು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ. ಅದನ್ನು ತೆರೆಯುವ ಕೈ ಪಡೆಯುವವನಲ್ಲಿ ಮಾತ್ರ ಇರುತ್ತದೆ. ನಡುವಿನ ಅಂಚೆಕಚೇರಿ ಪೆಟ್ಟಿಗೆಯನ್ನು ಹೊರಬಹುದೇ ಹೊರತು ತೆರೆಯಲಾರದು. ಈ ವಿದ್ಯೆಯನ್ನು ಸಾಮಾನ್ಯ ಬಳಕೆದಾರರ ಕೈಗೆ ಕೊಟ್ಟವರಲ್ಲಿ ಮೊದಲಿಗರು ಫಿಲ್ ಜಿಮ್ಮರ್‌ಮನ್. 1991ರಲ್ಲಿ ಅವರು ಪಿಜಿಪಿ ಎಂಬ ತಂತ್ರಾಂಶವನ್ನು ಬರೆದು ಉಚಿತವಾಗಿ ಹಂಚಿದರು.

‘ಸುರಕ್ಷಿತ’ ಎಂಬ ಮಾತನ್ನು ಯಾವ ಆಪ್ ಹೇಳಿಕೊಂಡರೂ, ಯಾವ ಮೆಟ್ಟಿಲಿನ ಸುರಕ್ಷತೆ ಎಂದು ಕೇಳಿ ತಿಳಿಯಬೇಕು.

ಕೇಳಬೇಕಾದ ಐದು ಪ್ರಶ್ನೆಗಳು

ಅಡಕೆ ಕೊಳ್ಳುವವರು ಚೀಲದ ಮೇಲಿನ ಬರಹವನ್ನಷ್ಟೇ ಓದಿ ಕೊಳ್ಳುವುದಿಲ್ಲ. ನಾಲ್ಕು ಅಡಕೆಯನ್ನು ಕತ್ತರಿಸಿ ನೋಡುತ್ತಾರೆ. ಆಪನ್ನು ಆರಿಸುವಾಗಲೂ ಹಾಗೆಯೇ ಕತ್ತರಿಸಿ ನೋಡಬೇಕಾದ ಐದು ವಿಷಯಗಳಿವೆ.

1. ಇದನ್ನು ಮಾಡಿದವರು ಯಾರು? ಆಪನ್ನು ಫೋನಿನಲ್ಲಿಯೇ ಇರುವ ಅಧಿಕೃತ ಅಂಗಡಿಯಿಂದ, ಅಂದರೆ ಪ್ಲೇ ಸ್ಟೋರ್ ಅಥವಾ ಆಪ್ ಸ್ಟೋರ್‌ನಿಂದ ಪಡೆಯಬೇಕು. ಅಲ್ಲಿಯೂ ಹೆಸರನ್ನೂ ಚಿತ್ರವನ್ನೂ ಹೋಲುವ ನಕಲಿಗಳಿರುವುದುಂಟು. ಆದುದರಿಂದ ಹೆಸರಿನ ಕೆಳಗಿರುವ ತಯಾರಕರ ಹೆಸರನ್ನು ಓದಬೇಕು. ಯಾರೋ ವಾಟ್ಸಾಪ್‌ನಲ್ಲಿ ಕಳುಹಿಸಿದ ‘ಎಪಿಕೆ’ ಕಡತವನ್ನು ಒತ್ತಿ ಆಪನ್ನು ಹಾಕಿಕೊಳ್ಳಲೇಬಾರದು. ಅಂಥ ಕಡತದ ಮೂಲಕ ಫೋನಿನೊಳಗೆ ಹೊಕ್ಕವರು ನಿಮಗೆ ಬರುವ ಸಂದೇಶಗಳನ್ನು ನಿಮಗಿಂತ ಮೊದಲೇ ಓದಿಯಾರು.

2. ಇದು ನನ್ನ ಪಾಸ್‌ವರ್ಡನ್ನು ತಾನೇ ಕೇಳಿ ಇಟ್ಟುಕೊಳ್ಳುತ್ತದೆಯೇ? ಒಳ್ಳೆಯ ಆಪ್ ಬೇರೆ ಕಂಪೆನಿಯ ಖಾತೆಯನ್ನು ಜೋಡಿಸುವಾಗ ನಿಮ್ಮನ್ನು ಆ ಕಂಪೆನಿಯ ಬಾಗಿಲಿಗೇ ಕರೆದೊಯ್ಯುತ್ತದೆ. ಪಾಸ್‌ವರ್ಡನ್ನು ನೀವು ಅಲ್ಲಿ ಕೊಡುತ್ತೀರಿ. ಕಂಪೆನಿ ಆಪಿಗೆ ಒಂದು ಅನುಮತಿ ಚೀಟಿಯನ್ನು ಮಾತ್ರ ಕೊಡುತ್ತದೆ. ಬೇಡವಾದಾಗ ಚೀಟಿಯನ್ನು ಹರಿದುಹಾಕಬಹುದು. ಬೀಗದಕೈ ನಿಮ್ಮಲ್ಲಿಯೇ ಇರುತ್ತದೆ. ಬರಿಯ ಹೆಸರು ಮತ್ತು ಪಾಸ್‌ವರ್ಡನ್ನು ಪಡೆದು ಒಳಬರುವ ಆಪ್‌ಗಳನ್ನು ಗೂಗಲ್ ಕಂಪೆನಿ ವೈಯಕ್ತಿಕ ಖಾತೆಗಳಿಗೆ 2022ರ ಮೇ ತಿಂಗಳಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ಕೂಡ 2024ರಲ್ಲಿ ಹಾಗೆಯೇ ಮಾಡಿತು.

3. ಕಾಗದ ಎಲ್ಲೆಲ್ಲಿ ತಂಗುತ್ತದೆ? ಯಾರು ಓದುತ್ತಾರೆ? ಕೆಲವು ಆಪ್‌ಗಳು ಪೆಟ್ಟಿಗೆಯಿಂದ ನೇರವಾಗಿ ನಿಮ್ಮ ಫೋನಿಗೆ ಕಾಗದ ತರುತ್ತವೆ. ಕೆಲವು ಮೊದಲು ತಮ್ಮ ಕಂಪೆನಿಯ ಸರ್ವರಿಗೆ ಒಯ್ದು, ಅಲ್ಲಿಂದ ಫೋನಿಗೆ ತರುತ್ತವೆ. ಎರಡನೆಯ ರೀತಿಯಲ್ಲಿ ನಂಬಬೇಕಾದವರ ಸಂಖ್ಯೆ ಒಂದು ಹೆಚ್ಚುತ್ತದೆ. ಇದಕ್ಕೆ ನಡೆದ ಒಂದು ಉದಾಹರಣೆಯಿದೆ. ಅಮೆರಿಕದಲ್ಲಿ ‘ಅನ್‌ರೋಲ್ ಮಿ’ ಎಂಬ ಸೇವೆ, ಬೇಡದ ಜಾಹೀರಾತು ಕಾಗದಗಳನ್ನು ನಿಲ್ಲಿಸಿಕೊಡುತ್ತೇವೆಂದು ಹೇಳಿ ಜನರ ಇಮೇಲ್ ಪೆಟ್ಟಿಗೆಗೆ ಅನುಮತಿ ಪಡೆಯುತ್ತಿತ್ತು. ಆದರೆ ಅದರಲ್ಲಿದ್ದ ಖರೀದಿಯ ರಶೀದಿಗಳ ಮಾಹಿತಿಯನ್ನು ತನ್ನ ಮಾತೃಸಂಸ್ಥೆಗೆ ಕೊಡುತ್ತಿತ್ತು. ಅದು ಮಾರುಕಟ್ಟೆಯ ಲೆಕ್ಕಾಚಾರಕ್ಕೆ ಬಳಕೆಯಾಗುತ್ತಿತ್ತು. ವಿಷಯ 2017ರಲ್ಲಿ ಪತ್ರಿಕೆಯಲ್ಲಿ ಬಂತು. ಬಳಕೆದಾರರನ್ನು ತಪ್ಪು ತಿಳಿಸಿದ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಆ ಸಂಸ್ಥೆಯ ಮೇಲೆ ಕ್ರಮ ಕೈಗೊಂಡಿತು. ಅಲ್ಲಿ ಬೀಗವನ್ನು ಯಾರೂ ಒಡೆಯಲಿಲ್ಲ. ಒಳಗೆ ಬರಲು ಜನರೇ ಒಪ್ಪಿಗೆ ಕೊಟ್ಟಿದ್ದರು.

4. ಕೆಲಸಕ್ಕೆ ಮೀರಿದ ಅನುಮತಿ ಕೇಳುತ್ತದೆಯೇ? ಕಾಗದ ತರುವ ಆಪಿಗೆ ನಿಮ್ಮ ಎಸ್‌ಎಂಎಸ್ ಓದುವ ಅಗತ್ಯವಿಲ್ಲ. ನೀವು ಎಲ್ಲಿದ್ದೀರೆಂದು ತಿಳಿಯುವ ಅಗತ್ಯವೂ ಇಲ್ಲ. ಯಾವ ಮಾಹಿತಿಯನ್ನು ಸಂಗ್ರಹಿಸುತ್ತೇವೆಂದು ತಯಾರಕರು ತಿಳಿಸುವ ಅಂಕಣವೊಂದು ಆಪಲ್ ಅಂಗಡಿಯಲ್ಲಿ 2020ರ ಕೊನೆಯಿಂದ, ಪ್ಲೇ ಸ್ಟೋರ್‌ನಲ್ಲಿ 2022ರಿಂದ ಇದೆ. ಅದು ತಯಾರಕರೇ ಬರೆದುಕೊಟ್ಟ ಹೇಳಿಕೆ ಎಂಬುದು ನೆನಪಿರಲಿ. ಆದರೂ ಓದುವುದು ಲೇಸು. ಕೊನೆಯ ಬಾರಿ ಆಪನ್ನು ತಿದ್ದಿದ ತಾರೀಕನ್ನೂ ನೋಡಬೇಕು. ವರ್ಷಗಟ್ಟಲೆ ತಿದ್ದದ ಆಪ್ ದುರಸ್ತಿಯಿಲ್ಲದ ಮಾಡಿನಂತೆ; ಎಲ್ಲಿ ಸೋರುತ್ತದೆಂದು ಮಳೆ ಬಂದಾಗಲೇ ತಿಳಿಯುತ್ತದೆ.

5. ಕಾಗದದೊಳಗಿನ ಚಿತ್ರಗಳನ್ನು ತಡೆಯಬಹುದೇ? ಕೆಲವು ಜಾಹೀರಾತು ಕಾಗದಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವನ್ನು ಅಡಗಿಸಿರುತ್ತಾರೆ. ನೀವು ಕಾಗದ ತೆರೆದ ಕ್ಷಣ ಅದು ಕಳುಹಿಸಿದವರ ಸರ್ವರಿನಿಂದ ಇಳಿದು, ನೀವು ಇಷ್ಟು ಹೊತ್ತಿಗೆ ಓದಿದಿರೆಂದು ಅವರಿಗೆ ತಿಳಿಸುತ್ತದೆ. ‘ಚಿತ್ರಗಳನ್ನು ತೋರಿಸುವ ಮೊದಲು ಕೇಳು’ ಎಂಬ ವ್ಯವಸ್ಥೆ ಒಳ್ಳೆಯ ಆಪ್‌ಗಳಲ್ಲಿದೆ. ಐಫೋನಿನ ಮೇಲ್ ಆಪಿನಲ್ಲಿ ಈ ಗೂಢಚಾರಿಕೆಯನ್ನು ತಪ್ಪಿಸುವ ಏರ್ಪಾಡು 2021ರಿಂದ ಇದೆ.

ಕೆಲವು ಆಪ್‌ಗಳ ಪರಿಚಯ

ಈಗ ಹೆಸರು ಹೇಳಿಯೇ ಕೆಲವನ್ನು ನೋಡೋಣ.

ಜಿಮೇಲ್: ಇದರ ಸೇವೆ 2004ರ ಏಪ್ರಿಲ್ 1ರಂದು ಆರಂಭವಾಯಿತು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಆಪ್ ಮೊದಲೇ ಇರುತ್ತದೆ. ದಾರಿಯ ಭದ್ರತೆ ಚೆನ್ನಾಗಿದೆ. ಕಳ್ಳ ಕಾಗದಗಳನ್ನು ಬೇರ್ಪಡಿಸುವುದರಲ್ಲಿಯೂ ಇದು ಚುರುಕು. ಆದರೆ ಸಾಮಾನ್ಯ ಖಾತೆಯಲ್ಲಿ ತುದಿಯಿಂದ ತುದಿಗೆ ಬೀಗವಿಲ್ಲ. ಜಾಹೀರಾತುಗಳೂ ಇವೆ. ಅವುಗಳನ್ನು ಆರಿಸಲು ಕಾಗದಗಳ ಒಳಗನ್ನು ನೋಡುವ ಪದ್ಧತಿಯನ್ನು ಕೈಬಿಡುವುದಾಗಿ ಗೂಗಲ್ 2017ರಲ್ಲಿ ಪ್ರಕಟಿಸಿತು. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಇದರ ಗುಂಡಿಗಳೂ ಕನ್ನಡದಲ್ಲಿಯೇ ಬರುತ್ತವೆ. ಇದು ಮನೆಯ ಹಿರಿಯರಿಗೆ ದೊಡ್ಡ ಅನುಕೂಲ.

ಔಟ್‌ಲುಕ್: ಇದು ಮೈಕ್ರೋಸಾಫ್ಟ್ ಕಂಪೆನಿಯದು. ಬಲವಾದ ಸಂಸ್ಥೆ, ಒಳ್ಳೆಯ ಆಪ್. ಆದರೆ ಇದರಲ್ಲಿ ಜಿಮೇಲಿನಂಥ ಬೇರೆ ಖಾತೆಯನ್ನು ಜೋಡಿಸಿದರೆ ಆ ಕಾಗದಗಳು ಮೈಕ್ರೋಸಾಫ್ಟಿನ ಸರ್ವರಿನ ಮೂಲಕ ಬರುತ್ತವೆ. ಮೂರನೆಯ ಪ್ರಶ್ನೆಯನ್ನು ಇಲ್ಲಿ ನೆನಪಿಸಿಕೊಳ್ಳಿ.

ಥಂಡರ್‌ಬರ್ಡ್: ಆಂಡ್ರಾಯ್ಡಿನಲ್ಲಿ ಬಹುಕಾಲದಿಂದ ಇದ್ದ ‘ಕೆ-9 ಮೇಲ್’ ಎಂಬ ಆಪಿನ ಆಧಾರದ ಮೇಲೆ ಇದು 2024ರ ಅಕ್ಟೋಬರಿನಲ್ಲಿ ಹೊರಬಂತು. ಉಚಿತ, ಜಾಹೀರಾತಿಲ್ಲ. ಇದರ ಒಳಗಿನ ಬರವಣಿಗೆಯನ್ನು ಬಲ್ಲವರು ಯಾರು ಬೇಕಾದರೂ ಪರೀಕ್ಷಿಸಬಹುದು. ಪೆಟ್ಟಿಗೆಯಿಂದ ನೇರವಾಗಿ ಫೋನಿಗೆ ಕಾಗದ ತರುತ್ತದೆ. ಎರಡು ಮೂರು ಖಾತೆಗಳಿರುವ ಹೆತ್ತವರಿಗೂ ಅಧ್ಯಾಪಕರಿಗೂ ಅನುಕೂಲವಾದುದು.

ಪ್ರೋಟಾನ್ ಮೇಲ್ ಮತ್ತು ಟೂಟಾ: ಮೊದಲನೆಯದು ಸ್ವಿಟ್ಜರ್ಲೆಂಡಿನದು. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಭೇಟಿಯಾದ ವಿಜ್ಞಾನಿಗಳು 2014ರಲ್ಲಿ ಅದನ್ನು ಜನರ ಮುಂದಿಟ್ಟರು. ಎರಡನೆಯದು ಜರ್ಮನಿಯದು, 2023ರವರೆಗೆ ಅದರ ಹೆಸರು ಟೂಟಾನೋಟಾ ಎಂದಿತ್ತು. ಇವು ಎರಡನೆಯ ಮೆಟ್ಟಿಲಿನ ಸೇವೆಗಳು. ಸರ್ವರಿನಲ್ಲಿ ಕೂಡಿಟ್ಟ ಕಾಗದಗಳ ಒಳಗನ್ನು ಕಂಪೆನಿಯೇ ಓದಲಾರದು. ಆದರೆ ಮೂರು ಮಿತಿಗಳನ್ನು ತಿಳಿದಿರಬೇಕು. ಪ್ರೋಟಾನಿನಿಂದ ಜಿಮೇಲಿಗೆ ಸಾಮಾನ್ಯ ಕಾಗದ ಬರೆದರೆ ತುದಿಯಿಂದ ತುದಿಗೆ ಬೀಗ ಇರುವುದಿಲ್ಲ. ಎರಡೂ ಕಡೆ ಅದೇ ವ್ಯವಸ್ಥೆ ಬೇಕು, ಅಥವಾ ಕಾಗದಕ್ಕೆ ಪ್ರತ್ಯೇಕ ಪಾಸ್‌ವರ್ಡ್ ಹಾಕಬೇಕು. ಪ್ರೋಟಾನಿನಲ್ಲಿ ಕಾಗದದ ‘ವಿಷಯ’ ಎಂಬ ಸಾಲು ಈ ಬೀಗದ ಹೊರಗಿರುತ್ತದೆ. ಟೂಟಾದಲ್ಲಿ ಅದೂ ಒಳಗೆ. ಎಲ್ಲಕ್ಕಿಂತ ಮುಖ್ಯವಾದುದು ಮೂರನೆಯದು: ಬೀಗದಕೈ ಕಂಪೆನಿಯಲ್ಲಿ ಇಲ್ಲದ ಕಾರಣ, ಪಾಸ್‌ವರ್ಡ್ ಮರೆತು, ಮರುಪಡೆಯುವ ಸಂಕೇತವನ್ನೂ ಬರೆದಿಡದಿದ್ದರೆ ಹಳೆಯ ಕಾಗದಗಳು ಓದಲು ಸಿಗದೆಹೋಗುತ್ತವೆ. ಬಲವಾದ ಬೀಗ ಮರೆಗುಳಿಯನ್ನೂ ಹೊರಗೇ ನಿಲ್ಲಿಸುತ್ತದೆ.

ಇವುಗಳಲ್ಲದೆ ನಮ್ಮ ದೇಶದ, ಚೆನ್ನೈ ಮೂಲದ ಜೋಹೋ ಸಂಸ್ಥೆಯ ಇಮೇಲ್ ಸೇವೆಯೂ ಇದೆ. ಅದರ ಆಪ್ ಜಾಹೀರಾತು ತೋರಿಸುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸೋಣ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ, ಫೋನಿನಲ್ಲಿಯೇ ಇರುವುದನ್ನು ಹಗುರವಾಗಿ ಕಾಣುವ ಅಭ್ಯಾಸ ಕೆಲವರಿಗಿದೆ. ಪರೀಕ್ಷೆ, ವಿದ್ಯಾರ್ಥಿವೇತನ, ಪ್ರವೇಶದ ಪತ್ರಗಳಿಗಾಗಿ ಖಾತೆ ತೆರೆಯುವ ವಿದ್ಯಾರ್ಥಿಗೆ ಫೋನಿನೊಂದಿಗೇ ಬಂದ ಆಪ್ ಸಾಕೆಂದು ನಮ್ಮ ಅಭಿಪ್ರಾಯ. ಅದಕ್ಕೆ ಮುಂದೆ ಹೇಳುವ ಎರಡನೆಯ ಚಿಲಕವನ್ನು ಮಾತ್ರ ತಪ್ಪದೆ ಹಾಕಬೇಕು. ತನ್ನ ಕಾಗದವನ್ನು ಯಾವ ಕಂಪೆನಿಯೂ ಓದಬಾರದೆಂದು ಬಯಸುವವರು, ವಕೀಲರು, ಪತ್ರಕರ್ತರು, ರೋಗಿಗಳ ಗುಟ್ಟನ್ನು ಕಾಯಬೇಕಾದ ವೈದ್ಯರು ಎರಡನೆಯ ಮೆಟ್ಟಿಲಿನ ಸೇವೆಯನ್ನು ಆರಿಸಬಹುದು. ಆದರೆ ಮರುಪಡೆಯುವ ಸಂಕೇತವನ್ನು ಮನೆಯ ಪೆಟ್ಟಿಗೆಯಲ್ಲಿ ಬರೆದಿಟ್ಟುಕೊಂಡೇ ಆರಿಸಬೇಕು.

ಎರಡನೆಯ ಚಿಲಕ

ಬೀಗ ಎಷ್ಟೇ ಗಟ್ಟಿಯಿದ್ದರೂ ಕೈಯನ್ನು ಬಾಗಿಲಲ್ಲೇ ಬಿಟ್ಟರೆ ಏನು ಬಂತು? ಈ ಮಾತಿನಲ್ಲಿ ನಾವೂ ತಪ್ಪಿತಸ್ಥರೇ. ಹಲವು ವರ್ಷ ನಾವು ಒಂದೇ ಪಾಸ್‌ವರ್ಡನ್ನು ಮೂರು ಕಡೆ ಬಳಸುತ್ತಿದ್ದೆವು. ಅವುಗಳಲ್ಲಿ ಒಂದು ಕಡೆಯಿಂದ ಅದು ಹೊರಬಿದ್ದಿತು. ಗೊತ್ತಿಲ್ಲದ ಊರಿನಿಂದ ಯಾರೋ ನಮ್ಮ ಇಮೇಲಿಗೆ ಪ್ರವೇಶಿಸಲು ಪ್ರಯತ್ನಿಸಿದರೆಂಬ ಎಚ್ಚರಿಕೆ ಬಂದಾಗ ಎದೆ ಧಸಕ್ಕೆಂದಿತು. ಆ ದಿನ ನಮ್ಮನ್ನು ಉಳಿಸಿದ್ದು ಎರಡು ಹಂತದ ಪರಿಶೀಲನೆ. ಪಾಸ್‌ವರ್ಡ್ ಸರಿಯಾಗಿದ್ದರೂ, ನಿಮ್ಮ ಫೋನಿಗೆ ಬಂದ ಪ್ರಶ್ನೆಗೆ ‘ಹೌದು, ನಾನೇ’ ಎಂದು ಒತ್ತದೆ ಅಥವಾ ಅಲ್ಲಿ ಕಾಣುವ ಅಂಕಿಯನ್ನು ಕೊಡದೆ ಖಾತೆ ತೆರೆಯದಂತೆ ಮಾಡುವ ಏರ್ಪಾಡು ಇದು. ಬೆರಳಚ್ಚಿನಿಂದಲೇ ಖಾತೆ ತೆರೆಯುವ ಪಾಸ್‌ಕೀ ಎಂಬ ವಿಧಾನವೂ ಗೂಗಲ್ ಖಾತೆಗಳಿಗೆ 2023ರಿಂದ ದೊರೆಯುತ್ತದೆ.

ಫೋನು ಕಳೆದುಹೋದರೇನು ಗತಿ ಎಂದು ಕೇಳುವಿರಿ. ಅದಕ್ಕಾಗಿ ಗೂಗಲ್ 8 ಅಂಕಿಗಳ 10 ಸಂಕೇತಗಳನ್ನು ಕೊಡುತ್ತದೆ. ಒಂದೊಂದನ್ನು ಒಂದೇ ಬಾರಿ ಬಳಸಬಹುದು. ಅವನ್ನು ಕಾಗದದಲ್ಲಿ ಬರೆದು, ರೇಷನ್ ಕಾರ್ಡು, ಜನನ ಪ್ರಮಾಣಪತ್ರಗಳ ಜೊತೆಗೆ ಇಡಿ. ಫೋನಿನಲ್ಲಿಯೇ ಚಿತ್ರ ತೆಗೆದಿಟ್ಟರೆ, ಬೀಗದಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದಂತಾದೀತು.

ಪಾಸ್‌ವರ್ಡ್ ಉದ್ದವಾಗಿರಲಿ. ಹುಟ್ಟಿದ ತಾರೀಕು, ಮನೆಯ ಹೆಸರು, ದನದ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. ಇಮೇಲಿನ ಪಾಸ್‌ವರ್ಡನ್ನು ಬೇರೆಲ್ಲಿಯೂ ಬಳಸಬೇಡಿ. ಇತರ ಅನೇಕ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದನ್ನು ಮಾಡುವ ಕೊಂಡಿ ಇಮೇಲಿಗೇ ಬರುತ್ತದೆ. ಈ ಒಂದು ಬಾಗಿಲು ತೆರೆದರೆ ಉಳಿದುವೆಲ್ಲ ತೆರೆದಂತೆಯೇ.

ಖಾತೆಗೆ ಜೋಡಿಸಿದ ಫೋನ್ ನಂಬರನ್ನೂ ಗಮನಿಸಬೇಕು. ನಮ್ಮ ಕಡೆ ಆಫರಿನ ಆಸೆಗೆ ಸಿಮ್ ಬದಲಿಸುವವರು ಬಹಳ. ಬಳಕೆ ನಿಂತು ರದ್ದಾದ ನಂಬರನ್ನು 90 ದಿನಗಳ ಬಳಿಕ ಕಂಪೆನಿ ಬೇರೊಬ್ಬರಿಗೆ ಕೊಡಬಹುದು. ಆಗ ನಿಮ್ಮ ಖಾತೆಯ ಒಟಿಪಿ ಯಾವನೋ ಅಪರಿಚಿತನಿಗೆ ಹೋದೀತು. ಸಿಮ್ ಬದಲಿಸುವ ಮೊದಲೇ ಖಾತೆಯಲ್ಲಿ ನಂಬರನ್ನು ಬದಲಿಸಿರಿ. ಎರಡು ವರ್ಷ ತೆರೆಯದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿದೆ. ಆದುದರಿಂದ ವಿದ್ಯಾರ್ಥಿವೇತನ ಬಂದ ಮೇಲೂ ತಿಂಗಳಿಗೊಮ್ಮೆಯಾದರೂ ಪೆಟ್ಟಿಗೆಯನ್ನು ತೆರೆದು ನೋಡುವ ರೂಢಿಯಿರಲಿ.

ಕಳ್ಳ ಕಾಗದ

ಯಾವ ಆಪ್ ಇದ್ದರೂ ಕೆಲವು ಕಳ್ಳ ಕಾಗದಗಳು ಕಣ್ತಪ್ಪಿಸಿ ಬಂದೇ ಬರುತ್ತವೆ. “ನಿಮ್ಮ ಖಾತೆ ಇಂದೇ ಮುಚ್ಚಲ್ಪಡುವುದು”, “ವಿದ್ಯಾರ್ಥಿವೇತನ ಮಂಜೂರಾಗಿದೆ, ಇಲ್ಲಿ ಒತ್ತಿರಿ” ಎಂಬಂಥ ಕಾಗದಗಳಿಗೆ ಎರಡು ಲಕ್ಷಣಗಳುಂಟು: ಅವಸರಪಡಿಸುವುದು, ಆಸೆ ಅಥವಾ ಹೆದರಿಕೆ ಹುಟ್ಟಿಸುವುದು. ಕಳುಹಿಸಿದವರ ಹೆಸರನ್ನಲ್ಲ, ಪೂರ್ಣ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಬೇಕು. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಸಣ್ಣಕ್ಷರಗಳನ್ನು ಒತ್ತೊತ್ತಾಗಿ ಬರೆದರೆ ‘ಎಂ’ನಂತೆ ಕಾಣುತ್ತದೆ, ವಂಚಕರು ಇದನ್ನು ಚೆನ್ನಾಗಿ ಬಲ್ಲರು. ಸಂಶಯ ಬಂದರೆ ಕಾಗದದಲ್ಲಿರುವ ಕೊಂಡಿಯನ್ನು ಒತ್ತದೆ, ಆ ಸಂಸ್ಥೆಯ ಜಾಲತಾಣವನ್ನು ನೀವೇ ತೆರೆದು ನೋಡಿ.

ಕಾಸರಗೋಡಿನ ಮಕ್ಕಳಾದ ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಆಡುತ್ತೇವೆ. ಶಾಲೆಯಲ್ಲಿ ಕನ್ನಡ ಕಲಿಯುತ್ತೇವೆ. ಸರಕಾರದ ಕಾಗದ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ಅರ್ಧ ಅರ್ಥವಾದ ಕಾಗದಕ್ಕೆ ‘ಸರಿ’ ಎಂದು ಒತ್ತಿಬಿಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಮಾತೃಭಾಷೆಯ ಕಾಗದದಲ್ಲಿ ಒಂದು ಪದ ತಪ್ಪಾದರೂ ಕಣ್ಣಿಗೆ ಚುಚ್ಚುತ್ತದೆ. ಪರಭಾಷೆಯ ಕಾಗದದಲ್ಲಿ ಹತ್ತು ತಪ್ಪಿದ್ದರೂ ಕಾಣುವುದಿಲ್ಲ. ಆದುದರಿಂದ ಅರ್ಥವಾಗದ ಕಾಗದವನ್ನು ಮುಚ್ಚಿಟ್ಟು, ಮರುದಿನ ಶಾಲೆಗೆ ತಂದು ಅಧ್ಯಾಪಕರಲ್ಲಿ ಕೇಳಿ. ಕೇಳಲು ನಾಚಬೇಕಾದುದಿಲ್ಲ.

ಇಷ್ಟಾದರೂ ಮೋಸಹೋಗಿ ಹಣ ಕಳೆದುಕೊಂಡರೆ ತಡಮಾಡದೆ 1930 ಎಂಬ ನಂಬರಿಗೆ ಫೋನು ಮಾಡಬೇಕು. ಸೈಬರ್ ವಂಚನೆಯ ದೂರುಗಳಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಿಜವಾದರೂ, ಇಲ್ಲಿ ಬೇಗನೆ ದೂರು ಕೊಟ್ಟರೆ ಹಣ ಕೈದಾಟುವ ಮೊದಲೇ ತಡೆಯಲು ಸಾಧ್ಯವಾಗಬಹುದು.

ಹೆತ್ತವರಲ್ಲಿ ಒಂದು ಮಾತು

ನಮ್ಮ ಬಾಲ್ಯದಲ್ಲಿ ಗಲ್ಫಿನಿಂದ ಕಾಗದ ಬಂದರೆ ಓದುಬಾರದ ಹಿರಿಯರು ನೆರೆಮನೆಯ ಶಾಲಾ ಮಕ್ಕಳನ್ನು ಕರೆದು ಓದಿಸುತ್ತಿದ್ದರು. ನಾವೂ ಹಾಗೆ ಓದಿ ಹೇಳಿದ್ದುಂಟು. ಸಾಲದ ವಿಷಯ, ಜಗಳದ ವಿಷಯ, ಕಣ್ಣೀರಿನ ವಿಷಯ ಎಲ್ಲವೂ ಆ ಕಾಗದಗಳಲ್ಲಿ ಇರುತ್ತಿತ್ತು. ಓದಿ ಮುಗಿಸಿದ ಮೇಲೆ, “ಮಗಾ, ಇದು ಇಲ್ಲಿಗೇ ಇರಲಿ” ಎನ್ನುತ್ತಿದ್ದರು. ಆ ಮಾತನ್ನು ನಾವು ಮೀರುತ್ತಿರಲಿಲ್ಲ. ಇಂದು ಅನೇಕ ಮನೆಗಳಲ್ಲಿ ಫೋನನ್ನು ನಡೆಸುವವರು ಮಕ್ಕಳೇ. ಅಪ್ಪನ ಬ್ಯಾಂಕು, ಅಮ್ಮನ ಪಿಂಚಣಿ, ಅಕ್ಕನ ಅರ್ಜಿ ಎಲ್ಲವೂ ಅವರ ಬೆರಳ ತುದಿಯಲ್ಲಿವೆ. ಅದೇ ನಂಬಿಕೆ, ಅದೇ ಹೊಣೆ ಇಂದಿಗೂ ಇದೆ. ಒಟಿಪಿಯನ್ನು ಹೊರಗಿನವರಿಗೆ ಹೇಳಬಾರದೆಂಬುದು ಆ ಹಳೆಯ ಮಾತಿನದೇ ಹೊಸ ರೂಪ.

ಖಾತೆಯನ್ನು ಮಗುವಿನ ಎದುರಲ್ಲಿ, ಮನೆಯವರದೇ ಫೋನಿನಲ್ಲಿ, ಮನೆಯವರದೇ ನಂಬರು ಕೊಟ್ಟು ತೆರೆಯಿರಿ. ಬೇರೆಯವರ ಸಹಾಯ ಪಡೆಯಬಾರದೆಂದಲ್ಲ. ಸಹಾಯ ಪಡೆದು ಮನೆಗೆ ಬಂದ ಕೂಡಲೇ ಪಾಸ್‌ವರ್ಡನ್ನು ಬದಲಿಸಬೇಕು. ಜೋಡಿಸಿದ ನಂಬರು ಯಾರದೆಂದು ನೋಡಬೇಕು. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯ ಬಳಕೆಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಹಾಗೆಂದು ಮಕ್ಕಳ ಕಾಗದಗಳನ್ನೆಲ್ಲ ಕದ್ದು ಓದುವುದೂ ಸರಿಯಲ್ಲ. ಬೀಗದಕೈ ಎಲ್ಲಿದೆಯೆಂದು ಇಬ್ಬರಿಗೂ ತಿಳಿದಿರಲಿ. ತೆರೆಯುವಾಗ ಇಬ್ಬರೂ ಕೂಡಿ ತೆರೆಯಿರಿ.

ಆರಂಭದಲ್ಲಿ ಹೇಳಿದ ಹುಡುಗ ಈ ವರ್ಷ ಬೇರೊಂದು ಕಾಲೇಜಿಗೆ ಸೇರಿದ್ದಾನೆ. ಹೊಸ ಖಾತೆಯನ್ನು ತನ್ನ ಫೋನಿನಲ್ಲಿ ತಾನೇ ತೆರೆದ. ಹತ್ತು ಸಂಕೇತಗಳನ್ನು ಬರೆದ ಚೀಟಿಯನ್ನು ಅವನ ತಾಯಿ ಅಕ್ಕಿಯ ಡಬ್ಬದ ಹಿಂದಿನ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮೊನ್ನೆ ದಾರಿಯಲ್ಲಿ ಸಿಕ್ಕಿದಾಗ, “ಈಗ ಕಾಗದ ಬಂದರೆ ನಾವೇ ತೆರೆಯುತ್ತೇವೆ, ಮಾಷ್ಟ್ರೇ” ಎಂದರು.

ಅಭ್ಯಾಸ

1. ಇಮೇಲ್ ಖಾತೆಗೂ ಇಮೇಲ್ ಆಪಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
2. ದಾರಿಯ ಭದ್ರತೆ, ತುದಿಯಿಂದ ತುದಿಗೆ ಬೀಗ – ಇವುಗಳಲ್ಲಿ ಕಂಪೆನಿ ಓದಲಾರದ್ದು ಯಾವುದು? ಏಕೆ?
3. ನಿಮ್ಮ ಮನೆಯ ಫೋನಿನಲ್ಲಿರುವ ಇಮೇಲ್ ಆಪಿಗೆ ಯಾವ ಯಾವ ಅನುಮತಿಗಳನ್ನು ಕೊಟ್ಟಿದೆಯೆಂದು ಹೆತ್ತವರೊಡನೆ ಕುಳಿತು ನೋಡಿ. ಅನಗತ್ಯವಾದುವನ್ನು ತೆಗೆದುಹಾಕಿ.
4. ನಿಮ್ಮ ಖಾತೆಗೆ ಜೋಡಿಸಿದ ನಂಬರು ಯಾರದು? ಇಂದೇ ನೋಡಿ. ಉತ್ತರವನ್ನು ಶಾಲೆಗೆ ತರಬೇಕಾಗಿಲ್ಲ, ಮನೆಯಲ್ಲಿಯೇ ಇರಲಿ.